ಸಕ್ಕರೆ ಕಾಯಿಲೆಗೆ ನೀರಿನ ವ್ಯಾಯಾಮ: ನಡೆಯಲಾಗದವರಿಗೂ ಒಂದು ದಾರಿ

ಭಾನುವಾರದ ಬಲಿಪೂಜೆ ಮುಗಿದ ಬಳಿಕ ಇಗರ್ಜಿಯ ಅಂಗಳದಲ್ಲಿ ಹಿರಿಯರ ಜೊತೆ ಮಾತನಾಡಿದರೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಡಾಕ್ಟರು ದಿನಾ ನಡೀರಿ ಅಂತಾರೆ ಫಾದರ್, ಆದ್ರೆ ಮೊಣಕಾಲು ಬಿಡ್ಬೇಕಲ್ಲ." ಸಕ್ಕರೆ ಕಾಯಿಲೆ ಇದೆ, ತೂಕ ಹೆಚ್ಚಿದೆ, ಮೊಣಕಾಲು ಸವೆದಿದೆ. ನಡೆದರೆ ಕಾಲು ಊದಿಕೊಳ್ಳುತ್ತದೆ, ನಡೆಯದಿದ್ದರೆ ಸಕ್ಕರೆ ಏರುತ್ತದೆ. ಕೊನೆಗೆ ವ್ಯಾಯಾಮವನ್ನೇ ಕೈಬಿಟ್ಟು ಮಾತ್ರೆಯೊಂದನ್ನೇ ನಂಬಿ ಕುಳಿತವರು ನಮ್ಮ ಪ್ರತಿಯೊಂದು ವಾರ್ಡಿನಲ್ಲೂ ಇದ್ದಾರೆ. ಅಂಥವರಿಗೆ ವೈದ್ಯಶಾಸ್ತ್ರ ಒಪ್ಪಿರುವ ಇನ್ನೊಂದು ದಾರಿ ಇದೆ. ಅದು ಎದೆಮಟ್ಟದ ನೀರಿನಲ್ಲಿ ನಿಂತು ಮಾಡುವ ವ್ಯಾಯಾಮ. ಇದಕ್ಕೆ ಈಜು ಬರಬೇಕೆಂದಿಲ್ಲ. ಆದರೆ ಕೆಲವು ಎಚ್ಚರಿಕೆಗಳು ಬೇಕು, ಜೊತೆಗೊಬ್ಬರು ಬೇಕು. ಈ ವಿಷಯದ ಕುರಿತು ಭಕ್ತಾದಿಗಳಿಗೂ ಧರ್ಮಕೇಂದ್ರಗಳ ಆರೋಗ್ಯ ಕಾರ್ಯಕರ್ತರಿಗೂ ಉಪಯೋಗವಾಗುವ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ಸಮಸ್ಯೆ ಎಷ್ಟು ದೊಡ್ಡದು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನರು ಕಾಯಿಲೆಯ ಹೊಸ್ತಿಲಲ್ಲಿದ್ದಾರೆ. ರಾಜ್ಯಗಳ ಪೈಕಿ ಅತಿ ಹೆಚ್ಚಿನ ಪ್ರಮಾಣ ಕಂಡುಬಂದದ್ದು ಗೋವಾದಲ್ಲಿ, ಶೇಕಡಾ 26.4. ಕೇರಳದಲ್ಲಿ ಶೇಕಡಾ 25.5. ಉತ್ತರಕ್ಕೂ ದಕ್ಷಿಣಕ್ಕೂ ನಮ್ಮ ನೆರೆಯವರಾದ, ಊಟ ಉಪಚಾರದಲ್ಲಿ ನಮಗೆ ಹತ್ತಿರದವರಾದ ಈ ಎರಡು ರಾಜ್ಯಗಳ ಅಂಕಿಗಳನ್ನು ಕರಾವಳಿಯ ನಾವು ಗಂಭೀರವಾಗಿ ತೆಗೆದುಕೊಳ್ಳಲೇಬೇಕು.

ಹಿಂದೆ ಇದನ್ನು 'ವಯಸ್ಕರಲ್ಲಿ ಆರಂಭವಾಗುವ ಮಧುಮೇಹ' ಎಂದು ಕರೆಯುತ್ತಿದ್ದರು. ಈಗ ವೈದ್ಯರು ಬಳಸುವ ಹೆಸರು 'ಟೈಪ್ 2'. ಮೂವತ್ತರ ಆಸುಪಾಸಿನವರಲ್ಲೂ, ಅದಕ್ಕಿಂತ ಚಿಕ್ಕವರಲ್ಲೂ ಇದು ಕಾಣಿಸಿಕೊಳ್ಳುತ್ತಿರುವುದರಿಂದ ಹಳೆಯ ಹೆಸರು ಸರಿಹೊಂದುವುದಿಲ್ಲ. ಈ ಬಗೆಯ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬರುತ್ತದೆ. ಆದರೆ ಸ್ನಾಯು, ಯಕೃತ್ತು ಮತ್ತು ಕೊಬ್ಬಿನ ಕೋಶಗಳು ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ವರ್ಷಗಳು ಕಳೆದಂತೆ ಗ್ರಂಥಿಯೂ ದಣಿಯುತ್ತದೆ. ಕೋಶದೊಳಗೆ ಹೋಗಬೇಕಾದ ಸಕ್ಕರೆ ರಕ್ತದಲ್ಲಿಯೇ ಉಳಿದು ಕಣ್ಣು, ಮೂತ್ರಪಿಂಡ, ನರ, ಹೃದಯ ಮತ್ತು ಪಾದಗಳಿಗೆ ಹಾನಿ ಮಾಡುತ್ತದೆ.

ವ್ಯಾಯಾಮದಿಂದ ಸಕ್ಕರೆ ಹೇಗೆ ಇಳಿಯುತ್ತದೆ?

ದೇಹದಲ್ಲಿ ಸಕ್ಕರೆಯನ್ನು ಅತಿ ಹೆಚ್ಚು ಬಳಸಿಕೊಳ್ಳುವ ಭಾಗಗಳಲ್ಲಿ ಸ್ನಾಯು ಪ್ರಮುಖವಾದುದು. ಸ್ನಾಯು ಕೆಲಸ ಮಾಡುವಾಗ ಅದರ ಕೋಶಗಳ ಒಳಗಿರುವ ಸಕ್ಕರೆ ಸಾಗಿಸುವ ಕಣಗಳು ಹೊರಪದರಕ್ಕೆ ಬಂದು ರಕ್ತದಿಂದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಈ ಕೆಲಸಕ್ಕೆ ಇನ್ಸುಲಿನ್‌ನ ಅಪ್ಪಣೆ ಬೇಕಿಲ್ಲ. ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ದೇಹಕ್ಕೂ ವ್ಯಾಯಾಮದಿಂದ ಪ್ರಯೋಜನವಾಗುವುದು ಈ ಕಾರಣದಿಂದಲೇ. ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ ಸ್ನಾಯುಗಳು ಇನ್ಸುಲಿನ್‌ನ ಮಾತನ್ನು ಮೊದಲಿಗಿಂತ ಚೆನ್ನಾಗಿ ಕೇಳುತ್ತವೆ. ಅನಂತರ ಆ ಪರಿಣಾಮ ಮಾಸುತ್ತದೆ.

ಆದುದರಿಂದಲೇ ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಗತಿಯ ವ್ಯಾಯಾಮವನ್ನು ಕನಿಷ್ಠ ಮೂರು ದಿನಗಳಿಗೆ ಹಂಚಿ ಮಾಡಬೇಕೆಂದೂ, ಸತತ ಎರಡು ದಿನಗಳಿಗಿಂತ ಹೆಚ್ಚು ಬಿಡುವು ಕೊಡಬಾರದೆಂದೂ ಹೇಳುತ್ತದೆ. ಭಾನುವಾರ ಒಂದೇ ದಿನ ಎರಡು ಗಂಟೆ ಬೆವರು ಸುರಿಸಿ ವಾರವಿಡೀ ಕುಳಿತುಕೊಂಡರೆ ಹೆಚ್ಚಿನ ಲಾಭವಿಲ್ಲ. ನಿತ್ಯದ ಜಪಸರದಂತೆ ಇದಕ್ಕೂ ನಿಯಮಿತ ಅಭ್ಯಾಸ ಬೇಕು.

ನೀರೇ ಯಾಕೆ?

ಮೊದಲನೆಯದಾಗಿ, ನೀರು ದೇಹವನ್ನು ಎತ್ತಿ ಹಿಡಿಯುತ್ತದೆ. ಸೊಂಟದವರೆಗೆ ನೀರಿನಲ್ಲಿ ನಿಂತರೆ ಕಾಲುಗಳ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆಯ ಮಟ್ಟದಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ, ಕುತ್ತಿಗೆಯ ಮಟ್ಟದಲ್ಲಿ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಂಬತ್ತು ಕಿಲೋ ತೂಕದ ವ್ಯಕ್ತಿಯ ಮೊಣಕಾಲು ಎದೆಮಟ್ಟದ ನೀರಿನಲ್ಲಿ ಇಪ್ಪತ್ತೈದು ಮೂವತ್ತು ಕಿಲೋದಷ್ಟು ಭಾರವನ್ನು ಮಾತ್ರ ಹೊರುತ್ತದೆ. ನೆಲದ ಮೇಲೆ ಹತ್ತು ಹೆಜ್ಜೆಗೆ ನೋವು ಎನ್ನುವವರು ನೀರಿನಲ್ಲಿ ಅರ್ಧ ಗಂಟೆ ನಡೆಯಲು ಸಾಧ್ಯವಾಗುವುದು ಇದರಿಂದ.

ಎರಡನೆಯದಾಗಿ, ನೀರು ತಡೆಯೊಡ್ಡುತ್ತದೆ. ಗಾಳಿಗಿಂತ ನೀರು ಸುಮಾರು 800 ಪಟ್ಟು ಸಾಂದ್ರ. ಆದುದರಿಂದ ಕೈ ಬೀಸಿದರೂ, ಕಾಲು ಎತ್ತಿದರೂ ಸ್ನಾಯು ದುಡಿಯಬೇಕಾಗುತ್ತದೆ. ವೇಗ ಎರಡು ಪಟ್ಟು ಮಾಡಿದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ನಿಧಾನ ಮಾಡಿದ ಕೂಡಲೇ ತಡೆಯೂ ಇಳಿಯುತ್ತದೆ. ಹೀಗಾಗಿ ದುರ್ಬಲರೂ ಬಲಿಷ್ಠರೂ ಒಂದೇ ಗುಂಪಿನಲ್ಲಿ, ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ವ್ಯಾಯಾಮ ಮಾಡಬಹುದು.

ಮೂರನೆಯದಾಗಿ, ಬಿದ್ದು ಮೂಳೆ ಮುರಿಯುವ ಭಯ ಕಡಿಮೆ. ಕಾಲಿನ ನರಗಳು ಮಂದವಾಗಿ ಸಮತೋಲನ ತಪ್ಪುವವರಿಗೆ ನೀರು ಸುತ್ತಲಿನಿಂದ ಆಸರೆ ಕೊಡುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ದೇಹ ಬಿಸಿಯಾಗದೆ ವ್ಯಾಯಾಮ ಮಾಡಲು ಸಾಧ್ಯವಾಗುವುದು ಇನ್ನೊಂದು ಅನುಕೂಲ.

ಸಂಶೋಧನೆ ಏನು ಹೇಳುತ್ತದೆ?

ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದ ಸಂಶೋಧಕರು 2016ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಟೈಪ್ 2 ಮಧುಮೇಹ ಇರುವವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನೀರಿನಲ್ಲಿ, ಇನ್ನೊಂದಕ್ಕೆ ನೆಲದ ಮೇಲೆ ವಾರಕ್ಕೆ ಮೂರು ದಿನದಂತೆ 12 ವಾರ ವ್ಯಾಯಾಮ ಮಾಡಿಸಲಾಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಎರಡೂ ಗುಂಪಿನವರಿಗೆ ಒಂದೇ ರೀತಿಯ ಸುಧಾರಣೆ ಕಂಡುಬಂತು. 2017ರಲ್ಲಿ ಕೆನಡಾದ ಸಂಶೋಧಕರು ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗಲೂ ಇದೇ ತೀರ್ಮಾನ ಬಂತು. ವ್ಯಾಯಾಮವನ್ನೇ ಮಾಡದವರಿಗೆ ಹೋಲಿಸಿದರೆ ನೀರಿನಲ್ಲಿ ವ್ಯಾಯಾಮ ಮಾಡಿದವರ ಎಚ್‌ಬಿಎ1ಸಿ ಸುಮಾರು ಒಂದು ಅಂಶದಷ್ಟು ಕಡಿಮೆಯಿತ್ತು. ನೆಲದ ಮೇಲಿನ ವ್ಯಾಯಾಮಕ್ಕೂ ನೀರಿನ ವ್ಯಾಯಾಮಕ್ಕೂ ವ್ಯತ್ಯಾಸ ಕಾಣಲಿಲ್ಲ.

ಇದರ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಮೊದಲನೆಯದಾಗಿ, ಈ ಅಧ್ಯಯನಗಳು ಚಿಕ್ಕವು, ಕೆಲವೇ ಜನರ ಮೇಲೆ ಕೆಲವೇ ತಿಂಗಳು ನಡೆದವು. ಎರಡನೆಯದಾಗಿ, ನೀರಿನ ವ್ಯಾಯಾಮ ನಡಿಗೆಗಿಂತ ಶ್ರೇಷ್ಠವೆಂದು ಯಾರೂ ಹೇಳಿಲ್ಲ, ಅದಕ್ಕೆ ಸಮಾನವೆಂದಷ್ಟೇ ಹೇಳಿದ್ದಾರೆ. ನೋವಿಲ್ಲದೆ ನಡೆಯಬಲ್ಲವರು ನಡೆಯುವುದೇ ಸುಲಭ, ಖರ್ಚೂ ಇಲ್ಲ. ನಡೆಯಲಾಗದವರಿಗೆ ಮಾತ್ರ ಈ ಸಮಾನತೆ ದೊಡ್ಡ ಸುದ್ದಿ. ಮುಚ್ಚಿಹೋಗಿದೆ ಎಂದುಕೊಂಡಿದ್ದ ಬಾಗಿಲು ಅವರಿಗೆ ಮತ್ತೆ ತೆರೆಯುತ್ತದೆ.

ನೀರಿನಿಂದ ಆರೋಗ್ಯ ಎಂದಾಗ ಓದುಗರಲ್ಲಿ ಕೆಲವರಿಗೆ ಬವೇರಿಯಾದ ಧರ್ಮಗುರು ಫಾದರ್ ಸೆಬಾಸ್ಟಿಯನ್ ಕ್ನೈಪ್ (1821–1897) ನೆನಪಾಗಬಹುದು. ತಣ್ಣೀರಿನ ಚಿಕಿತ್ಸೆಗಾಗಿ ಜರ್ಮನಿಯ ಬಾಡ್ ವೋರಿಸ್‌ಹೋಫೆನ್ ಎಂಬ ಊರಿಗೆ ಜನರನ್ನು ಸೆಳೆದವರು ಅವರು. ಅವರ ಪದ್ಧತಿಗೂ ಇಲ್ಲಿ ಹೇಳುತ್ತಿರುವುದಕ್ಕೂ ವ್ಯತ್ಯಾಸವಿದೆ. ಸಕ್ಕರೆಯನ್ನು ಇಳಿಸುವ ಗುಣ ನೀರಿಗಿಲ್ಲ. ಇಳಿಸುವುದು ನೀರಿನಲ್ಲಿ ದುಡಿಯುವ ನಮ್ಮ ಸ್ನಾಯು. ನೀರಿನಲ್ಲಿ ಸುಮ್ಮನೆ ನಿಂತು ಹರಟೆ ಹೊಡೆದು ಬಂದರೆ ಈ ಪ್ರಯೋಜನ ಸಿಗದು. ಮಾತ್ರೆ, ಇನ್ಸುಲಿನ್, ಪಥ್ಯ ಇವುಗಳನ್ನು ಬಿಡಲೂಬಾರದು.

ಆರಂಭಿಸುವ ಮೊದಲು

ನೀರಿಗಿಳಿಯುವ ಮೊದಲು ವೈದ್ಯರನ್ನು ಕಾಣುವುದು ಕಡ್ಡಾಯವೆಂದೇ ತಿಳಿಯಿರಿ. ವೈದ್ಯರ ಬಳಿ ಈ ವಿಷಯಗಳನ್ನು ಕೇಳಬೇಕು:

1. ಹೃದಯ ಮತ್ತು ರಕ್ತದೊತ್ತಡ. ಎದೆಮಟ್ಟದ ನೀರಿನ ಒತ್ತಡದಿಂದ ಕಾಲುಗಳ ರಕ್ತ ಎದೆಯ ಕಡೆಗೆ ತಳ್ಳಲ್ಪಡುತ್ತದೆ. ದುರ್ಬಲ ಹೃದಯಕ್ಕೆ ಇದು ಹೊರೆಯಾಗಬಹುದು. ಹತೋಟಿಯಲ್ಲಿಲ್ಲದ ಹೃದಯ ವೈಫಲ್ಯ, ಇತ್ತೀಚಿನ ಹೃದಯಾಘಾತ, ಹತ್ತು ಹೆಜ್ಜೆಗೆ ಉಬ್ಬಸ ಇರುವವರು ವೈದ್ಯರ ಒಪ್ಪಿಗೆ ಇಲ್ಲದೆ ಇಳಿಯಲೇಬಾರದು.

2. ಕಣ್ಣು. ಮಧುಮೇಹದಿಂದ ಅಕ್ಷಿಪಟಲದಲ್ಲಿ ಹೊಸ ದುರ್ಬಲ ರಕ್ತನಾಳಗಳು ಬೆಳೆದಿದ್ದರೆ ತಲೆ ಕೆಳಗೆ ಮಾಡುವುದು, ಹಾರುವುದು, ಉಸಿರು ಬಿಗಿಹಿಡಿದು ಶ್ರಮಿಸುವುದು ಅಪಾಯಕಾರಿ.

3. ನರಗಳು ಮತ್ತು ಪಾದ. ಪಾದದಲ್ಲಿ ಸ್ಪರ್ಶಜ್ಞಾನ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

4. ಔಷಧಿ. ಯಾವ ಮಾತ್ರೆಯಿಂದ ಸಕ್ಕರೆ ತೀರಾ ಇಳಿಯಬಹುದು, ವ್ಯಾಯಾಮದ ದಿನ ಪ್ರಮಾಣ ಬದಲಿಸಬೇಕೇ ಎಂದು ಕೇಳಿ ತಿಳಿಯಬೇಕು. ಸ್ವತಃ ಬದಲಿಸಬಾರದು.

5. ಇತ್ತೀಚಿನ ಎಚ್‌ಬಿಎ1ಸಿ. ಆರಂಭದ ಅಂಕಿ ಬರೆದಿಟ್ಟುಕೊಂಡರೆ ಮೂರು ತಿಂಗಳ ಬಳಿಕ ಫಲ ಕಂಡಿತೇ ಎಂದು ತಿಳಿಯುತ್ತದೆ.

ಜ್ವರ, ಭೇದಿ, ತೆರೆದ ಗಾಯ, ಚರ್ಮದ ಸೋಂಕು ಇದ್ದ ದಿನ ಕೊಳಕ್ಕೆ ಇಳಿಯಬಾರದು. ಹತೋಟಿಗೆ ಬಾರದ ಮೂರ್ಛೆರೋಗ ಇರುವವರಿಗೆ ಈ ವ್ಯಾಯಾಮ ಬೇಡ.

ಒಂದು ದಿನದ ಅಭ್ಯಾಸ

ನೀರಿನ ಆಳ ಎದೆಯ ಕೆಳಭಾಗದವರೆಗೆ ಇದ್ದರೆ ಸಾಕು. ಹೆಚ್ಚಿನವರಿಗೆ ಇದು ಮೂರೂವರೆಯಿಂದ ನಾಲ್ಕು ಅಡಿ. ಕಾಲು ನೆಲಕ್ಕೆ ತಾಗುತ್ತಲೇ ಇರಬೇಕು. ನೀರು ತೀರಾ ತಣ್ಣಗಿರಬಾರದು, 28ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತಕರ.

ಮೊದಲ ಐದರಿಂದ ಹತ್ತು ನಿಮಿಷ ಕೊಳದ ಅಂಚು ಹಿಡಿದು ನಿಧಾನವಾಗಿ ನಡೆಯಿರಿ. ಭುಜ, ಸೊಂಟ, ಹಿಮ್ಮಡಿಗಳನ್ನು ಸಡಿಲಿಸಿ.

ಅನಂತರ ಮುಖ್ಯ ಭಾಗ. ಮುಂದಕ್ಕೆ ನಡಿಗೆ, ಹಿಂದಕ್ಕೆ ನಡಿಗೆ, ಏಡಿಯಂತೆ ಪಕ್ಕಕ್ಕೆ ಹೆಜ್ಜೆ. ನಿಂತಲ್ಲಿಯೇ ಮೊಣಕಾಲನ್ನು ಸೊಂಟದ ಕಡೆಗೆ ಎತ್ತುವುದು. ನಿಂತಲ್ಲಿಯೇ ಮೆಲ್ಲಗೆ ಓಡುವುದು. ಬಲಗಾಲು ಮುಂದೆ ಹೋದಾಗ ಎಡಗೈ ಮುಂದೆ ಬರುವಂತೆ ಕೈಕಾಲುಗಳನ್ನು ಉದ್ದಕ್ಕೆ ಬೀಸುವುದು. ಅಂಚು ಹಿಡಿದು ಒಂದೊಂದು ಕಾಲನ್ನು ಹಿಂದಕ್ಕೂ ಪಕ್ಕಕ್ಕೂ ಒದೆಯುವುದು. ಅಂಗೈ ತೆರೆದು ನೀರನ್ನು ಮುಂದಕ್ಕೆ ತಳ್ಳಿ, ಮತ್ತೆ ಎಳೆದುಕೊಳ್ಳುವುದು. ಕಷ್ಟವೆನಿಸಿದರೆ ಕೈಯನ್ನು ಕತ್ತಿಯಂತೆ ಓರೆ ಮಾಡಿ ನೀರನ್ನು ಸೀಳಿದರೆ ತಡೆ ಕಡಿಮೆಯಾಗುತ್ತದೆ. ಒಂದೊಂದನ್ನು ಎರಡು ಮೂರು ನಿಮಿಷದಂತೆ ಮಾಡಿ.

ಕೊನೆಯ ಐದು ನಿಮಿಷ ಮತ್ತೆ ನಿಧಾನ ನಡಿಗೆ. ಒಮ್ಮೆಲೇ ಮೇಲೆ ಹತ್ತಬಾರದು. ನೀರಿನಿಂದ ಹೊರಬಂದಾಗ ಒತ್ತಡ ಥಟ್ಟನೆ ಇಳಿದು ತಲೆ ಸುತ್ತಬಹುದು. ಮೆಟ್ಟಿಲಿನ ಮೇಲೆ ಒಂದೆರಡು ನಿಮಿಷ ನಿಂತು, ಕಂಬಿ ಹಿಡಿದು ಹತ್ತಬೇಕು.

ಎಷ್ಟು ಜೋರಾಗಿ ಮಾಡಬೇಕೆಂಬ ಪ್ರಶ್ನೆಗೆ ನಾಡಿ ಎಣಿಸುವುದು ಇಲ್ಲಿ ಸರಿಯಾದ ಉತ್ತರವಲ್ಲ. ನೀರಿನಲ್ಲಿ ಅದೇ ಶ್ರಮಕ್ಕೆ ಹೃದಯದ ಬಡಿತ ನೆಲದ ಮೇಲಿಗಿಂತ ಕಡಿಮೆ ಇರುತ್ತದೆ. ಕೆಲವು ರಕ್ತದೊತ್ತಡದ ಮಾತ್ರೆಗಳೂ ಬಡಿತವನ್ನು ತಗ್ಗಿಸುತ್ತವೆ. ಸುಲಭವಾದ ಅಳತೆ ಇದು: ಪಕ್ಕದವರ ಜೊತೆ ಮಾತನಾಡಲು ಆಗಬೇಕು, ಆದರೆ ಗೀತೆ ಹಾಡಲು ಉಸಿರು ಸಾಲಬಾರದು. ಮಾತೂ ಆಡಲಾಗದಿದ್ದರೆ ವೇಗ ಹೆಚ್ಚಾಯಿತು. ಆರಾಮವಾಗಿ ಹಾಡಲು ಸಾಧ್ಯವಾದರೆ ಇನ್ನೂ ಸ್ವಲ್ಪ ಶ್ರಮ ಪಡಬಹುದು.

ಮೊದಲ ಎರಡು ವಾರ ಒಟ್ಟು 15 ನಿಮಿಷ ಸಾಕು. ಮೂರನೇ ನಾಲ್ಕನೇ ವಾರ 20 ನಿಮಿಷ, ಎರಡನೇ ತಿಂಗಳು 30, ಮೂರನೇ ತಿಂಗಳು 40ರಿಂದ 50 ನಿಮಿಷ. ವಾರದಲ್ಲಿ ಮೂರು ದಿನ ನೀರಿಗೆ ಹೋದರೆ, ಉಳಿದ ದಿನಗಳಲ್ಲಿ ಊಟವಾದ ಬಳಿಕ ಮನೆಯ ಅಂಗಳದಲ್ಲಿ ಸಾಧ್ಯವಾದಷ್ಟು ಹೆಜ್ಜೆ ಹಾಕುವುದು ಅಥವಾ ಕುರ್ಚಿಯಲ್ಲಿ ಕುಳಿತು ಕೈಕಾಲು ಆಡಿಸುವುದು ಒಳ್ಳೆಯದು.

ಸಕ್ಕರೆ ತೀರಾ ಇಳಿದರೆ

ಸಕ್ಕರೆ ಏರುವುದನ್ನು ಎಲ್ಲರೂ ಹೆದರುತ್ತಾರೆ. ನೀರಿನಲ್ಲಿರುವಾಗ ಅದಕ್ಕಿಂತ ಹೆಚ್ಚು ಹೆದರಬೇಕಾದದ್ದು ಸಕ್ಕರೆ ಇಳಿಯುವುದಕ್ಕೆ. ನೆಲದ ಮೇಲಾದರೆ ಬೆವರು, ನಡುಕ ಗೊತ್ತಾಗುತ್ತದೆ. ನೀರಿನಲ್ಲಿ ಬೆವರು ಕಾಣುವುದಿಲ್ಲ, ನಡುಕವನ್ನು ಚಳಿ ಎಂದುಕೊಳ್ಳುತ್ತೇವೆ. ತಲೆ ಮಂಕಾಗಿ ನೀರಿನಲ್ಲಿ ಕುಸಿದರೆ ಪರಿಣಾಮವೇನೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ಸೇವಿಸುವವರಿಗೆ ಈ ಅಪಾಯ ಹೆಚ್ಚು. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ವಿರಳ. ಅಪಾಯ ಹೆಚ್ಚಿರುವವರು ಪಾಲಿಸಬೇಕಾದ ನಿಯಮಗಳು ಇವು:

1. ಇಳಿಯುವ ಮೊದಲು ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿಕೊಳ್ಳಿ. ಡೆಸಿಲೀಟರಿಗೆ 90 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ಅಥವಾ ನಾಲ್ಕೈದು ಬಿಸ್ಕತ್ತು ತಿಂದು, ಸ್ವಲ್ಪ ಹೊತ್ತು ಕಾದು, ಮತ್ತೆ ನೋಡಿ ಇಳಿಯಿರಿ.

2. 250ಕ್ಕಿಂತ ಹೆಚ್ಚಿದ್ದು ವಾಂತಿ, ವಿಪರೀತ ಬಾಯಾರಿಕೆ, ಸುಸ್ತು ಇದ್ದರೆ ಆ ದಿನ ವ್ಯಾಯಾಮ ಬೇಡ, ವೈದ್ಯರನ್ನು ಕಾಣಿರಿ.

3. ವ್ಯಾಯಾಮದಲ್ಲಿ ದುಡಿಯುವ ತೊಡೆಗೆ ಇನ್ಸುಲಿನ್ ಚುಚ್ಚಿ ಕೂಡಲೇ ನೀರಿಗಿಳಿಯಬೇಡಿ. ಔಷಧಿ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಥಟ್ಟನೆ ಇಳಿಯಬಹುದು.

4. ಕೊಳದ ಅಂಚಿನಲ್ಲಿ, ಕೈಗೆಟಕುವಂತೆ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ಇರಲಿ. ಬಟ್ಟೆ ಬದಲಿಸುವ ಕೋಣೆಯ ಬೀಗದೊಳಗೆ ಇಟ್ಟರೆ ಪ್ರಯೋಜನವಿಲ್ಲ.

5. ಹಸಿವು, ನಡುಕ, ಎದೆಬಡಿತ, ಮಂಪರು, ಕಣ್ಣು ಮಸುಕು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಹೊರಬನ್ನಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಮತ್ತೊಮ್ಮೆ ಕುಡಿಯಿರಿ. ಚಾಕಲೇಟ್ ಬೇಡ, ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು.

6. ವ್ಯಾಯಾಮ ಮುಗಿದ ಹಲವು ಗಂಟೆಗಳ ಬಳಿಕ, ರಾತ್ರಿ ನಿದ್ದೆಯಲ್ಲಿಯೂ ಸಕ್ಕರೆ ಇಳಿಯಬಹುದು. ಮೊದಲ ಕೆಲವು ವಾರ ಮಲಗುವ ಮೊದಲೂ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ನೀರಿನಲ್ಲಿದ್ದರೂ ದೇಹ ನೀರು ಕಳೆದುಕೊಳ್ಳುತ್ತದೆ, ಮೂತ್ರವೂ ಹೆಚ್ಚುತ್ತದೆ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಗಾಗಿ ವೈದ್ಯರು ನೀರಿಗೆ ಮಿತಿ ಹಾಕಿರದಿದ್ದರೆ ಮೊದಲೂ ನಂತರವೂ ಒಂದೊಂದು ಲೋಟ ನೀರು ಕುಡಿಯಿರಿ.

ಪಾದಗಳ ಆರೈಕೆ

ಸ್ಪರ್ಶಜ್ಞಾನ ಕಳೆದುಕೊಂಡ ಪಾದಕ್ಕೆ ಗಾಯವಾದದ್ದೇ ತಿಳಿಯುವುದಿಲ್ಲ. ಕೊಳದ ಒರಟು ನೆಲದಲ್ಲಿ ಅರ್ಧ ಗಂಟೆ ಬರಿಗಾಲಲ್ಲಿ ಹೆಜ್ಜೆ ಹಾಕಿದರೆ, ನೆನೆದು ಮೆತ್ತಗಾದ ಅಂಗಾಲು ಸುಲಿಯುತ್ತದೆ. ಆದುದರಿಂದ ನೀರಿನಲ್ಲಿ ಧರಿಸುವ, ಜಾರದ ರಬ್ಬರ್ ಅಡಿಯ ಪಾದರಕ್ಷೆ ಬೇಕೇ ಬೇಕು. ಕೊಳದ ಹೊರಗೂ ಬರಿಗಾಲಲ್ಲಿ ನಡೆಯಬಾರದು. ಬಿಸಿಲಿಗೆ ಕಾದ ಸಿಮೆಂಟು ಅಂಗಾಲನ್ನು ಸುಟ್ಟರೂ ಗೊತ್ತಾಗದು.

ವ್ಯಾಯಾಮ ಮುಗಿದ ಮೇಲೆ ಸಿಹಿನೀರಿನಲ್ಲಿ ಸ್ನಾನ ಮಾಡಿ, ಬೆರಳ ಸಂದುಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕಣ್ಣು ಮಂಜಾದವರು ಮನೆಯವರಿಂದ ನೋಡಿಸಿಕೊಳ್ಳಲಿ. ಒದ್ದೆ ಬಟ್ಟೆಯಲ್ಲಿಯೇ ಮನೆಗೆ ಬರುವ ಅಭ್ಯಾಸದಿಂದ ತೊಡೆಸಂದಿನಲ್ಲಿ ಶಿಲೀಂಧ್ರದ ಸೋಂಕು ತಗಲುತ್ತದೆ. ಮಧುಮೇಹಿಗಳಿಗೆ ಇದು ಬೇಗ ಹಿಡಿಯುತ್ತದೆ, ಬಿಡುವುದು ನಿಧಾನ.

ಕಡಲು, ಹೊಳೆ, ಕೆರೆ ಆಗದೇ?

ಕಡಲ ತೀರದಲ್ಲಿ ವಾಸಿಸುವ ನಮಗೆ ಈ ಪ್ರಶ್ನೆ ಸಹಜ. ಉತ್ತರ: ಮಧುಮೇಹಿಗಳ ವ್ಯಾಯಾಮಕ್ಕೆ ಅವು ತಕ್ಕ ಸ್ಥಳವಲ್ಲ. ನಮ್ಮ ಕಡಲಿನಲ್ಲಿ ಅಲೆಯ ಸೆಳೆತವಿದೆ, ಆಳ ದಿನಕ್ಕೊಂದು ಬಗೆ, ಚಿಪ್ಪು, ಕಲ್ಲು, ಬಲೆಯ ತುಂಡುಗಳಿಂದ ಪಾದಕ್ಕೆ ಗಾಯವಾಗುತ್ತದೆ. ಉಪ್ಪುನೀರು ಗಾಯವನ್ನು ಮಾಯಿಸುತ್ತದೆ ಎಂಬ ನಂಬಿಕೆಯನ್ನು ಬಿಡಬೇಕು. ಗಾಯದ ಮೂಲಕ ದೇಹ ಸೇರುವ ವಿಬ್ರಿಯೊ ಎಂಬ ರೋಗಾಣುಗಳು ಸಮುದ್ರದ ನೀರಿನಲ್ಲಿಯೇ ಇರುತ್ತವೆ.

ಹೊಳೆ, ಕೆರೆ, ಗದ್ದೆಯ ನೀರಿಗೆ ಇನ್ನೊಂದು ಅಪಾಯವಿದೆ. ಮಣ್ಣು ಮತ್ತು ಕೆಸರು ನೀರಿನಲ್ಲಿರುವ ರೋಗಾಣುವಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆ ಕರಾವಳಿ ಕರ್ನಾಟಕದಲ್ಲಿ ಇದೆಯೆಂದು ಮಣಿಪಾಲ ಮತ್ತು ಮಂಗಳೂರಿನ ವೈದ್ಯರು ಅನೇಕ ವರ್ಷಗಳಿಂದ ವರದಿ ಮಾಡುತ್ತಾ ಬಂದಿದ್ದಾರೆ. ಇದು ಮಳೆಗಾಲದಲ್ಲಿ ಹೆಚ್ಚು. ಇದಕ್ಕೆ ತುತ್ತಾಗುವವರಲ್ಲಿ ಬಹುಪಾಲು ಮಧುಮೇಹಿಗಳೇ. ಜ್ವರ, ನ್ಯುಮೋನಿಯಾ, ಹುಣ್ಣಿನ ರೂಪದಲ್ಲಿ ಬರುವ ಇದನ್ನು ಕ್ಷಯವೆಂದು ತಪ್ಪು ತಿಳಿಯುವುದೂ ಉಂಟು. ಚಿಕಿತ್ಸೆ ತಡವಾದರೆ ಪ್ರಾಣಕ್ಕೆ ಕುತ್ತು. ಇಲಿಜ್ವರದ ಬಗ್ಗೆ ಎಲ್ಲರಿಗೂ ತಿಳಿದೇ ಇದೆ. ಆದುದರಿಂದ ಕ್ಲೋರಿನ್ ಹಾಕಿ ಶುದ್ಧಗೊಳಿಸಿದ, ಜೀವರಕ್ಷಕರಿರುವ ಈಜುಕೊಳವೇ ಸೂಕ್ತ. ಗದ್ದೆ ಕೆಲಸ ಮಾಡುವ ಮಧುಮೇಹಿಗಳು ಮಳೆಗಾಲದಲ್ಲಿ ಬೂಟು ಧರಿಸಲಿ, ಗಾಯವಿದ್ದರೆ ಕೆಸರಿಗೆ ಇಳಿಯದಿರಲಿ.

ಎಲ್ಲಿ, ಯಾವ ಉಡುಪಿನಲ್ಲಿ?

ಮಂಗಳೂರಿನಲ್ಲಿ ಲೇಡಿಹಿಲ್ ಬಳಿಯ ಮಂಗಳಾ ಈಜುಕೊಳ, ಎಮ್ಮೆಕೆರೆಯ ಈಜುಕೊಳ, ಉಡುಪಿಯಲ್ಲಿ ಅಜ್ಜರಕಾಡಿನ ಈಜುಕೊಳ ಇವು ಸಾರ್ವಜನಿಕರಿಗಾಗಿ ಇರುವಂಥವು. ಕೆಲವು ಶಾಲಾ ಕಾಲೇಜುಗಳಲ್ಲೂ ಕೊಳಗಳಿವೆ. ಹೋಗುವ ಮೊದಲು ಆಳ ಕಡಿಮೆ ಇರುವ ಭಾಗ ಎಷ್ಟಿದೆ, ಮೆಟ್ಟಿಲು ಮತ್ತು ಕಂಬಿ ಇದೆಯೇ, ಜೀವರಕ್ಷಕರು ಇರುವ ಹೊತ್ತು ಯಾವುದು, ಮಹಿಳೆಯರಿಗೆ ಪ್ರತ್ಯೇಕ ಸಮಯ ಇದೆಯೇ ಎಂದು ವಿಚಾರಿಸಬೇಕು. ಏಣಿಯನ್ನು ಮಾತ್ರ ಇಟ್ಟಿರುವ ಕೊಳ ಮೊಣಕಾಲು ನೋವಿನವರಿಗೆ ಕಷ್ಟ.

ನಮ್ಮ ತಾಯಂದಿರು ಹಿಂಜರಿಯುವುದು ಹೆಚ್ಚಾಗಿ ಉಡುಪಿನ ಕಾರಣಕ್ಕೆ. ಮೈತುಂಬಾ ಮುಚ್ಚುವ, ಮೊಣಕಾಲಿನ ಕೆಳಗಿನವರೆಗೆ ಬರುವ ಈಜುಡುಪುಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಸೀರೆ, ನೈಟಿ, ದುಪಟ್ಟ ಕಾಲಿಗೆ ಸುತ್ತಿಕೊಳ್ಳುವುದರಿಂದ ಅವು ಅಪಾಯ. ವಯಸ್ಸಾದ ಮೇಲೆ ಇದೆಲ್ಲ ಏಕೆ ಎಂದು ಮನೆಯವರು ನಗಬಾರದು. ತಾಯಿಯ ಕಾಲು ಉಳಿಯುವುದು ಆಕೆಗೆ ಮಾತ್ರವಲ್ಲ, ಇಡೀ ಮನೆಗೆ ಬೇಕಾದ ವಿಷಯ.

ಬಲಿಪೂಜೆ, ಉಪವಾಸ ಮತ್ತು ವ್ಯಾಯಾಮ

ಬೆಳಗಿನ ಬಲಿಪೂಜೆಗೆ ಖಾಲಿ ಹೊಟ್ಟೆಯಲ್ಲಿ ಬಂದು, ಅಲ್ಲಿಂದ ನೇರವಾಗಿ ಈಜುಕೊಳಕ್ಕೆ ಹೋಗುವುದು ಇನ್ಸುಲಿನ್ ಅಥವಾ ಮೇಲೆ ಹೇಳಿದ ಮಾತ್ರೆ ಸೇವಿಸುವವರಿಗೆ ಸರಿಯಲ್ಲ. ನಡುವೆ ತಿಂಡಿ ಆಗಲೇಬೇಕು.

ಪರಮಪ್ರಸಾದ ಸ್ವೀಕರಿಸುವ ಮೊದಲು ಒಂದು ಗಂಟೆ ಆಹಾರ ಸೇವಿಸಬಾರದೆಂಬ ನಿಯಮ ಇದೆ. ನೀರು ಮತ್ತು ಔಷಧಿಗೆ ಈ ನಿಯಮ ಅನ್ವಯಿಸುವುದಿಲ್ಲ. ವೃದ್ಧರಿಗೆ, ರೋಗಿಗಳಿಗೆ ಮತ್ತು ಅವರ ಆರೈಕೆ ಮಾಡುವವರಿಗೆ ಧರ್ಮಸಭೆಯ ಕಾನೂನೇ (ಕಲಮು 919) ವಿನಾಯಿತಿ ಕೊಟ್ಟಿದೆ. ಆದುದರಿಂದ ಸಕ್ಕರೆ ಇಳಿದಾಗ ಏನಾದರೂ ತಿಂದವರು ಪರಮಪ್ರಸಾದದಿಂದ ದೂರ ಉಳಿಯಬೇಕಾಗಿಲ್ಲ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಹದಿನೆಂಟು ವರ್ಷ ತುಂಬಿದವರಿಂದ ಐವತ್ತೊಂಬತ್ತು ವರ್ಷ ತುಂಬುವವರೆಗಿನವರಿಗೆ ಮಾತ್ರ ಕಡ್ಡಾಯ. ಆ ವಯಸ್ಸಿನೊಳಗಿದ್ದರೂ ಉಪವಾಸದಿಂದ ಆರೋಗ್ಯಕ್ಕೆ ಹಾನಿಯಾಗುವ ರೋಗಿಗಳಿಗೆ ಬಂಧನವಿಲ್ಲ. ಉಪವಾಸ ಮಾಡುವುದಾದರೆ ವೈದ್ಯರನ್ನು ಕೇಳಿ ಮಾಡಿ, ಆ ದಿನ ನೀರಿನ ವ್ಯಾಯಾಮಕ್ಕೆ ರಜೆ ಕೊಡಿ. ಬೇರೊಂದು ತ್ಯಾಗವನ್ನೋ ದಾನವನ್ನೋ ಆರಿಸಿಕೊಳ್ಳಲೂಬಹುದು.

ಧರ್ಮಕೇಂದ್ರ ಏನು ಮಾಡಬಹುದು?

ನಮ್ಮ ಧರ್ಮಕೇಂದ್ರಗಳಲ್ಲಿ ವೈದ್ಯಕೀಯ ಶಿಬಿರಗಳು ನಡೆಯುತ್ತವೆ. ಸಕ್ಕರೆ ಅಳೆದು ಚೀಟಿ ಕೊಡುತ್ತಾರೆ. ಚೀಟಿಯಲ್ಲಿ ಹೆಚ್ಚು ಬಂದವರಿಗೆ ಮುಂದೇನಾಯಿತು ಎಂದು ಕೇಳುವವರು ಕಡಿಮೆ. ಅಳೆದಲ್ಲಿಗೆ ಕೆಲಸ ಮುಗಿಯುವುದಿಲ್ಲ.

ಸಂತ ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಬೆತ್ಸಥಾ ಕೊಳದ ಬಳಿ ಮಲಗಿದ್ದ, ಮೂವತ್ತೆಂಟು ವರ್ಷಗಳಿಂದ ಕಾಯಿಲೆಯಿಂದಿದ್ದ ರೋಗಿಯ ಪ್ರಸಂಗವಿದೆ. ಕೊಳ ಪಕ್ಕದಲ್ಲಿಯೇ ಇತ್ತು. ತನ್ನನ್ನು ನೀರಿಗೆ ಇಳಿಸಲು ಯಾರೂ ಇಲ್ಲವೆಂಬುದು ಆತನ ದುಃಖವಾಗಿತ್ತು. ನಮ್ಮ ನಡುವಿನ ಅನೇಕ ಹಿರಿಯರ ಸ್ಥಿತಿಯೂ ಹೀಗೆಯೇ. ಮಕ್ಕಳು ಗಲ್ಫಿನಲ್ಲಿ, ಬೆಂಗಳೂರಿನಲ್ಲಿ ಇರುತ್ತಾರೆ. ಕೊಳಕ್ಕೆ ಕರೆದೊಯ್ಯುವವರು, ಅಂಚಿನಲ್ಲಿ ನಿಂತು ನೋಡಿಕೊಳ್ಳುವವರು ಇಲ್ಲ. ಒಬ್ಬರೇ ನೀರಿಗಿಳಿಯುವುದು ಮಧುಮೇಹಿಗಳಿಗೆ ನಿಷಿದ್ಧವೆಂದೇ ಹೇಳಬೇಕು. ಹೀಗಿರುವಾಗ ಜೊತೆಯೆಂಬುದು ಔಷಧಿಯಷ್ಟೇ ಮುಖ್ಯವಾಗುತ್ತದೆ.

ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ, ಸ್ತ್ರೀ ಸಂಘಟನೆ, ಕಥೋಲಿಕ್ ಸಭೆ ಮತ್ತು ಯುವಜನರು ಸೇರಿ ಮಾಡಬಹುದಾದ ಕೆಲವು ಕೆಲಸಗಳು ಹೀಗಿವೆ:

1. ವಾರ್ಡಿನ ಗುರಿಕಾರರ ಮೂಲಕ, ಸಕ್ಕರೆ ಕಾಯಿಲೆಯೂ ಮೊಣಕಾಲು ನೋವೂ ಇರುವವರನ್ನು ಗುರುತಿಸಿ ವೈದ್ಯರ ಒಪ್ಪಿಗೆ ಪಡೆಯಲು ನೆರವಾಗುವುದು.

2. ಆರರಿಂದ ಎಂಟು ಮಂದಿಯ ಗುಂಪು ಮಾಡಿ, ಮೂರು ತಿಂಗಳಿಗೆ ವಾಹನದ ಏರ್ಪಾಡು ಮಾಡುವುದು. ಬಡವರ ಶುಲ್ಕವನ್ನು ಸಂಘಟನೆ ವಹಿಸಿಕೊಳ್ಳಬಹುದು.

3. ಈಜು ಬಲ್ಲ, ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರನ್ನು ಅಂಚಿನಲ್ಲಿ ನಿಲ್ಲಿಸುವುದು. ನಿವೃತ್ತ ನರ್ಸುಗಳು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟಿದ್ದಾರೆ. ಅವರ ಅನುಭವ ಬಳಸಿಕೊಳ್ಳೋಣ.

4. ಪ್ರತಿಯೊಬ್ಬರ ಹೆಸರು, ಔಷಧಿ, ಮನೆಯವರ ದೂರವಾಣಿ, ಅಂದಿನ ಸಕ್ಕರೆಯ ಅಂಕಿ ಬರೆದ ಪುಸ್ತಕ ಇಡುವುದು.

5. ಮೂರು ತಿಂಗಳ ಬಳಿಕ ಎಚ್‌ಬಿಎ1ಸಿ ಮಾಡಿಸಿ, ಮೊದಲಿನ ಅಂಕಿಯೊಂದಿಗೆ ವೈದ್ಯರಿಗೆ ತೋರಿಸುವುದು. ಹೆಚ್ಚಿನವರಿಗೆ ಶೇಕಡಾ 7ರ ಒಳಗೆ ಇರಬೇಕೆಂಬುದು ಸಾಮಾನ್ಯ ಗುರಿ. ವೃದ್ಧರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ.

ಈಜುಕೊಳ ದೂರವಿರುವ ಧರ್ಮಕೇಂದ್ರಗಳವರು ನಿರಾಶರಾಗಬೇಕಿಲ್ಲ. ಕುರ್ಚಿಯಲ್ಲಿ ಕುಳಿತು ಮಾಡುವ ವ್ಯಾಯಾಮ, ನಿಂತಲ್ಲಿಯೇ ತುಳಿಯುವ ಸೈಕಲ್ ಇವು ಕೂಡ ಮೊಣಕಾಲಿಗೆ ಹಗುರ. ಸಭಾಭವನದಲ್ಲಿ ವಾರಕ್ಕೆ ಮೂರು ದಿನ ಸೇರಿ ಇವನ್ನು ಮಾಡಬಹುದು.

ನವೆಂಬರ್ 14 ವಿಶ್ವ ಮಧುಮೇಹ ದಿನ, ಫೆಬ್ರವರಿ 11 ಲೂರ್ದು ಮಾತೆಯ ಸ್ಮರಣೆಯ ವಿಶ್ವ ರೋಗಿಗಳ ದಿನ. ನವೆಂಬರ್‌ನಲ್ಲಿ ಒಂದು ಗುಂಪು ಆರಂಭಿಸಿದರೆ ಫೆಬ್ರವರಿಯ ಹೊತ್ತಿಗೆ ಮೂರು ತಿಂಗಳು ತುಂಬಿ, ಪರೀಕ್ಷೆಯ ಫಲಿತಾಂಶವೂ ಕೈಯಲ್ಲಿರುತ್ತದೆ. ರೋಗಿಗಳಿಗಾಗಿ ಪ್ರಾರ್ಥಿಸುವುದರ ಜೊತೆಗೆ, ಒಬ್ಬ ರೋಗಿಯ ಕೈ ಹಿಡಿದು ಮೆಟ್ಟಿಲಿಳಿಸುವುದೂ ನಮ್ಮ ಕರ್ತವ್ಯ. ಈ ವಿಷಯವನ್ನು ತಮ್ಮ ಚರ್ಚ್ ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಚರ್ಚಿಸಬೇಕೆಂದು ಎಲ್ಲ ಧರ್ಮಕೇಂದ್ರಗಳ ಕಾರ್ಯಕರ್ತರಲ್ಲಿ ವಿನಂತಿ.